ನೆಲ ನೋಡಿ ನಡೆಯುವವನು

ಮದುವೆಗೆ ಹೋಗಿಬಂದವರನ್ನು ಹುಡುಗಿ ಹೇಗಿದ್ದಾಳೆ ಎಂದು ಕೇಳುವುದುಂಟು. ನಕ್ಷೆಯಣ್ಣನನ್ನು ಕೇಳಿ ನೋಡಿ: "ಛತ್ರದ ಮುಂದೆ ಇಂಟರ್‌ಲಾಕ್ ಕಲ್ಲು. ಗಾಡಿ ನಿಲ್ಲಿಸೋ ಕಡೆ ಬರೀ ಜಲ್ಲಿ" ಎನ್ನುತ್ತಾನೆ.

ಊರಿಗೊಬ್ಬ ಇಂಥವನು ಈಗ ಸಿಗುತ್ತಾನೆ. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಶುರು ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಅದನ್ನು ತಿದ್ದುವವನೇ ನಕ್ಷೆಯಣ್ಣ. ಸಂಬಳವಿಲ್ಲ; ನಿಷ್ಠೆಗೆ ಅದೇ ಕಾರಣವಿರಬೇಕು. ಅವನಿಗೆ ರಸ್ತೆಯ ಗೆರೆ ಎಳೆದರೆ ಸಾಲದು, ಡಾಂಬರೋ ಕಾಂಕ್ರೀಟೋ ಮರಳೋ ಎಂದೂ ನಮೂದಿಸಬೇಕು. ಮಣ್ಣಿಗಂತೂ ಗ್ರೌಂಡ್, ಡರ್ಟ್, ಅರ್ಥ್ ಎಂದು ಮೂರು ಚೀಟಿ (ಟ್ಯಾಗ್) ಚಾಲ್ತಿಯಲ್ಲಿವೆ. ಯಾವುದಕ್ಕೆ ಯಾವುದು ಎಂದು ಅವನನ್ನು ಕೇಳುವ ಮುಂಚೆ ಮನೆಗೆ ಫೋನ್ ಮಾಡಿ, ಊಟಕ್ಕೆ ಕಾಯಬೇಡಿ ಎಂದು ಹೇಳಿಬಿಡಿ.

ತಮಿಳುನಾಡಿನ ಸಿರುಮುಗೈಯ ನಕ್ಷೆಯಣ್ಣನ ಕಷ್ಟ ಇನ್ನೂ ದೊಡ್ಡದು. ಕನ್ನಡ ಮಾತಾಡುವ ದೇವಾಂಗ ನೇಕಾರರ ಬೀದಿ. ಒಂದು ಬೆಳಿಗ್ಗೆ ಸೀರೆಯ ಹಾಸು ಬೀದಿಯುದ್ದಕ್ಕೂ ಚಾಚಿತ್ತು. ಇವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬೈಕಿನ ಕೀಲಿಯಿಂದ ನೆಲ ಕೆರೆಯುತ್ತಿದ್ದ.

"ಏನಪ್ಪಾ, ಕಾಸು ಬಿತ್ತಾ?" ಎಂದಳು ಎಳೆ ಸರಿಮಾಡುತ್ತಿದ್ದ ಅಜ್ಜಿ.

"ಇಲ್ಲ ಅಜ್ಜಿ, ಈ ಬೀದಿ ಮಣ್ಣಾ, ಕಾಂಕ್ರೀಟಾ ಅಂತ ಬರೀಬೇಕು."

"ಈಗ ರೇಷ್ಮೆ ಅಂತ ಬರ್ಕೋ. ಎಳೆ ತುಳೀಬೇಡ, ಅತ್ಲಾಗೆ ನಿಲ್ಲು."

ಅವನು ನಗಲಿಲ್ಲ. ರೇಷ್ಮೆಗೆ ಚೀಟಿ ಇದೆಯೇ ಎಂದು ಫೋನಿನಲ್ಲಿ ಹುಡುಕಿದ!

ಊರಾಚೆ ಹೋದರೆ ನೆಲವೇ ಮಾತು ತಪ್ಪುತ್ತದೆ. 1955ರಲ್ಲಿ ಕಟ್ಟಿ ಮುಗಿಸಿದ ಭವಾನಿಸಾಗರ ಅಣೆಕಟ್ಟು ತುಂಬಿದರೆ ಹಿನ್ನೀರು ಈ ಕಡೆಗೆ ಏರುತ್ತದೆ, ಬಾಳೆತೋಟಗಳು ಮುಳುಗುತ್ತವೆ. ಲಿಂಗಾಪುರದಿಂದ ಕಾಂದವಯಲ್‌ಗೆ ಹೋಗುವ ಹಳೇ ಸೇತುವೆ ಮುಳುಗಿದಾಗ ಜನ ಹರಿಗೋಲಿನಲ್ಲಿ ದಾಟಿದ್ದಾರೆ. ನೀರಿಳಿದರೆ ಕೆಸರು, ಆಮೇಲೆ ಬಿರುಕು ನೆಲ, ಆಮೇಲೆ ಬೆಳೆ. ಬೇಸಿಗೆಯಲ್ಲಿ ಇವನು 'ಡರ್ಟ್' ಎಂದು ಬರೆದ ದಾರಿಯ ಮೇಲೆ ಮಳೆಗಾಲದಲ್ಲಿ ಮೀನು ಓಡಾಡುತ್ತದೆ. ಅದಕ್ಕಾಗಿ ಅವನು ಮತ್ತೆ ಹೋಗುತ್ತಾನೆ, ಮತ್ತೆ ತಿದ್ದುತ್ತಾನೆ. ಮನೆಯಾಕೆ ಅಂಗಳಕ್ಕೆ ಸಿಮೆಂಟ್ ಹಾಕಿಸಿ ಎಂದು ಹೇಳುತ್ತಲೇ ಇದ್ದಾಳೆ. ಅಂಗಳವನ್ನು ಮಾತ್ರ ನಕ್ಷೆಗೆ ಏರಿಸಿಯಾಗಿದೆ.

ನಗುವುದು ಸುಲಭ. ಆದರೆ ಸೈಕಲ್ಲಿನವರಿಗೆ, ಗಾಲಿಕುರ್ಚಿಯವರಿಗೆ ದಾರಿ ತೋರಿಸುವ ಆ್ಯಪ್‌ಗಳು ನೋಡುವುದು ಇದೇ ಚೀಟಿಗಳನ್ನು. ಆದ್ದರಿಂದ ರಸ್ತೆ ನಡುವೆ ಕುಕ್ಕರಗಾಲಲ್ಲಿ ಕೂತವನು ಕಂಡರೆ ಹಾರ್ನ್ ಹೊಡೆಯಬೇಡಿ. ಗಾಡಿ ನಿಲ್ಲಿಸಿ, ಮುಂದೆ ಗುಂಡಿ ಎಲ್ಲೆಲ್ಲಿದೆ ಎಂದು ಕೇಳಿ. ಮಣ್ಣಿನ ವಿಷಯ ಮಾತ್ರ ಎತ್ತಬೇಡಿ.