ಗ್ರೌಟ್ ಹಾಕಿದ್ರೆ ಸರಿಹೋಗುತ್ತೆ ಸಾರ್

ಮನೆಯ ರಿಪೇರಿಗೆ ಬರುವ ಯಾವ ಕೆಲಸಗಾರನೇ ಆಗಲಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಒಂದು ಸುತ್ತು ಕಣ್ಣು ಹಾಯಿಸಿ ಹೇಳುವ ಮೊದಲ ಮಾತು ಒಂದೇ: ‘ಯಾರ್ ಸಾರ್ ಇದನ್ನ ಮಾಡಿದ್ದು?’ ಪ್ಲಂಬರ್ ಹಿಂದಿನ ಪ್ಲಂಬರನ ಬಗ್ಗೆ ಹಾಗೆ ಕೇಳುತ್ತಾನೆ, ಬಡಗಿ ಹಿಂದಿನ ಬಡಗಿಯ ಬಗ್ಗೆ. ಕ್ಷೌರಿಕರೂ ದಂತವೈದ್ಯರೂ ಈ ಸಂಪ್ರದಾಯಕ್ಕೆ ಹೊರತಲ್ಲ. ನವೋದಯದವರ ಬಗ್ಗೆ ನವ್ಯರು, ನವ್ಯರ ಬಗ್ಗೆ ಬಂಡಾಯದವರು ಕೇಳಿದ್ದೂ ಹೆಚ್ಚುಕಡಿಮೆ ಇದೇ ಪ್ರಶ್ನೆ ತಾನೆ? ಆದರೆ ಟೈಲ್ಸ್ ಮೇಸ್ತ್ರಿಯ ಬಾಯಲ್ಲಿ ಈ ಮಾತಿಗೆ ಒಂದು ವಿಶೇಷ ತೂಕವಿದೆ. ನಲ್ಲಿ ಕೆಟ್ಟರೆ ಬಿಚ್ಚಿ ಎಸೆಯಬಹುದು, ಸ್ವಿಚ್ಚು ಕೆಟ್ಟರೆ ಬದಲಾಯಿಸಬಹುದು. ನೆಲ ಕೆಟ್ಟರೆ ಮುಂದೇನು ಎಂದು ಯೋಚಿಸುವುದಕ್ಕೂ ಅದರ ಮೇಲೆಯೇ ನಿಂತುಕೊಳ್ಳಬೇಕು.

ನೆಲದ ಕೆಲಸವನ್ನು ಪರೀಕ್ಷಿಸಲು ರಸಮಟ್ಟ ಬೇಕು, ಮೂಲೆಮಟ್ಟ ಬೇಕು, ದಾರ ಹಿಡಿಯಬೇಕು ಎಂದೆಲ್ಲ ತಿಳಿದವರು ಹೇಳುತ್ತಾರೆ. ನಮ್ಮ ಅಮ್ಮನಿಗೆ ಒಂದು ಚೊಂಬು ನೀರು ಸಾಕಾಯಿತು. ಮೈಸೂರಿನ ನಮ್ಮ ಮನೆಯ ಬಚ್ಚಲಿಗೆ ಹೊಸ ಟೈಲ್ಸ್ ಕೂರಿಸಿ, ಕಾಂಟ್ರ್ಯಾಕ್ಟರ್ ಕೊನೆಯ ಕಂತಿನ ಹಿಂದಿನ ಕಂತಿಗಾಗಿ ಕಾಯುತ್ತಿದ್ದಾಗ ಅಮ್ಮ ಬಂದು ಚೊಂಬಿನ ನೀರನ್ನು ನೆಲಕ್ಕೆ ಸುರಿದಳು. ನೀರು ಜಾಲರಿಯ ಕಡೆ ಎರಡು ಹೆಜ್ಜೆ ಹೋಗಿ, ಮನಸ್ಸು ಬದಲಾಯಿಸಿ ಬಾಗಿಲ ಬಳಿಗೆ ಬಂದು, ಮದುವೆ ಮನೆಯಲ್ಲಿ ಊಟವಾದ ಮೇಲೂ ಹೊರಡದ ನೆಂಟರ ಹಾಗೆ ಅಲ್ಲೇ ನಿಂತುಬಿಟ್ಟಿತು.

‘ಇದೇನಪ್ಪಾ, ವಾಟವೇ ಇಲ್ಲವಲ್ಲ!’ ಎಂದಳು ಅಮ್ಮ.

ಕಾಂಟ್ರ್ಯಾಕ್ಟರ್ ಅಲುಗಲಿಲ್ಲ. ‘ಇನ್ನೂ ಗ್ರೌಟ್ ಹಾಕಿಲ್ಲಮ್ಮ. ಗ್ರೌಟ್ ಹಾಕಿದ್ರೆ ಸರಿಹೋಗುತ್ತೆ.’

ಗ್ರೌಟ್ ಎಂದರೆ ಎರಡು ಟೈಲುಗಳ ನಡುವಿನ ಎರಡು ಮೂರು ಮಿಲಿಮೀಟರ್ ಸಂದಿಗೆ ತುಂಬುವ ಪುಡಿಯ ಪೇಸ್ಟು. ಅದಕ್ಕೆ ಇರುವ ಕೆಲಸ ಅಷ್ಟೇ. ಆದರೆ ನಮ್ಮ ಕಾಂಟ್ರ್ಯಾಕ್ಟರನಿಗೆ ಅದರಲ್ಲಿದ್ದ ಶ್ರದ್ಧೆ ನನಗೆ ದೇವರಲ್ಲೂ ಇಲ್ಲ. ಗೋಡೆಯ ಗೆರೆ ನೆಲದ ಗೆರೆಗೆ ಕೂಡಿಲ್ಲವೆಂದರೆ ಗ್ರೌಟ್. ಒಂದು ಟೈಲು ಪಕ್ಕದ ಟೈಲಿಗಿಂತ ತಲೆಯೆತ್ತಿ ನಿಂತಿದೆಯೆಂದರೆ ಗ್ರೌಟ್. ಮೂಲೆಯಲ್ಲಿ ಬೆರಳು ತೂರುವಷ್ಟು ಸಂದಿಯಿದೆಯೆಂದರೆ, ‘ಅದಕ್ಕೇ ಅಲ್ವಾ ಸಾರ್ ಗ್ರೌಟ್ ಇರೋದು?’ ಕೊನೆಗೆ ಗ್ರೌಟ್ ಬಂತು, ತುಂಬಿತು, ಒಣಗಿತು. ನೀರು ಮಾತ್ರ ಬಾಗಿಲ ಬಳಿಯ ತನ್ನ ಜಾಗ ಬಿಡಲಿಲ್ಲ. ಆಗ ಕಾಂಟ್ರ್ಯಾಕ್ಟರ್ ಗಾಡಿಯ ಡಿಕ್ಕಿಯಿಂದ ಒಂದು ಹೊಸ ವೈಪರ್ ತಂದು, ‘ಇದು ನನ್ನ ಕಡೆಯಿಂದ ಫ್ರೀ’ ಎಂದು ಅಮ್ಮನ ಕೈಗೆ ಕೊಟ್ಟ. ಈ ವೈಪರ್ ಎಂಬ ವಸ್ತು ಇಷ್ಟೊಂದು ಮನೆಗಳ ಬಚ್ಚಲ ಮೂಲೆಯಲ್ಲಿ ಏಕೆ ಒರಗಿ ನಿಂತಿರುತ್ತದೆ ಎಂಬುದು ನನಗೆ ಅಂದು ಹೊಳೆಯಿತು. ಮೇಸ್ತ್ರಿ ಒಂದು ದಿನ ಮಾಡಬೇಕಾಗಿದ್ದ ಕೆಲಸವನ್ನು ಮನೆಯವರು ದಿನವೂ ಮಾಡಲಿ ಎಂದು ಅದನ್ನು ಕಂಡುಹಿಡಿದಿದ್ದಾರೆ.

ಹಾಗೆ ನೋಡಿದರೆ ವಾಟ ಎಂಬುದು ದೊಡ್ಡ ವಿದ್ಯೆಯೇನಲ್ಲ. 80 ಅಂಗುಲಕ್ಕೆ 1 ಅಂಗುಲ ಇಳಿದರೆ ನೀರು ತಾನಾಗಿ ಹೋಗುತ್ತದೆ. ಆರಡಿ ಉದ್ದದ ಬಚ್ಚಲಿಗೆ ಒಂದಂಗುಲಕ್ಕೂ ತುಸು ಕಡಿಮೆ ಇಳಿತ ಸಾಕು. ಇಷ್ಟು ಸಣ್ಣ ವಿಷಯ ಇಷ್ಟು ಸಲೀಸಾಗಿ ತಪ್ಪುವುದು ಹೇಗೆ ಎಂದು ನಾನು ವೈಪರ್ ಎಳೆಯುತ್ತಾ ಬಹಳ ಚಿಂತಿಸಿದ್ದೇನೆ.

ಟೈಲ್ಸ್ ಅಂಗಡಿಗೆ ಹೋದವರಿಗೆ ಉತ್ತರದ ಅರ್ಧ ಅಲ್ಲೇ ಸಿಗುತ್ತದೆ. ನಮ್ಮ ಜನ ಮಗಳಿಗೆ ಗಂಡು ಹುಡುಕುವಾಗಲೂ ಅಷ್ಟು ಮನೆ ಹತ್ತಿ ಇಳಿಯುವುದಿಲ್ಲ. ಇಟಲಿಯ ಅಮೃತಶಿಲೆಯ ಹೆಸರು ಹೊತ್ತು, ಗುಜರಾತಿನ ಮೋರ್ಬಿಯಲ್ಲಿ ಹುಟ್ಟಿ, ಲಾರಿಯಲ್ಲಿ ಮೈಸೂರಿಗೆ ಬಂದ ಟೈಲುಗಳನ್ನು ಎತ್ತಿ ಹಿಡಿದು, ಬಾಗಿಲ ಬೆಳಕಿನಲ್ಲಿ ಒಮ್ಮೆ, ಟ್ಯೂಬ್‌ಲೈಟಿನಲ್ಲಿ ಒಮ್ಮೆ ನೋಡಿ, ಫೋಟೋ ತೆಗೆದು ಹಾಸನದ ನಾದಿನಿಗೆ ಕಳಿಸಿ, ಅವಳ ಗಂಡನ ಅಭಿಪ್ರಾಯವನ್ನೂ ಪಡೆಯುತ್ತೇವೆ. ಎಲ್ಲ ಡಬ್ಬಗಳೂ ಒಂದೇ ಶೇಡಿನವೇ, ಒಂದೇ ಬ್ಯಾಚಿನವೇ ಎಂದು ನಂಬರ್ ತಾಳೆ ನೋಡುತ್ತೇವೆ. ನೋಡಲೇಬೇಕು, ಬ್ಯಾಚ್ ಬದಲಾದರೆ ಬಣ್ಣವೂ ಕೂದಲೆಳೆಯಷ್ಟು ಬದಲಾಗುತ್ತದೆ. ಟೈಲು ಕೂರಿಸುವವನ ಆಯ್ಕೆ ಮಾತ್ರ ಫೋನಿನಲ್ಲಿ, ಐದು ನಿಮಿಷದಲ್ಲಿ: ‘ಅಡಿಗೆ ಎಷ್ಟಪ್ಪಾ? ಪಕ್ಕದ ರಸ್ತೆಯವರು ಅಷ್ಟಕ್ಕೇ ಮಾಡಿಸಿದ್ರಲ್ಲ!’

ಟೈಲನ್ನು ದೂರುವಂತಿಲ್ಲ. ಕಾರ್ಖಾನೆ ಅದನ್ನು ಒತ್ತಿ, ಸುಟ್ಟು, ಅಂಚು ಸವರಿ, ಅಳತೆ ತಪ್ಪದಂತೆ ಕಳಿಸುತ್ತದೆ. ವಿಟ್ರಿಫೈಡ್ ಟೈಲ್ ತನ್ನ ತೂಕದ ಶೇಕಡಾ 0.5ರಷ್ಟು ನೀರನ್ನೂ ಹೀರುವುದಿಲ್ಲ. ಅದು ಅದರ ಹೆಗ್ಗಳಿಕೆ. ತೊಂದರೆಯೂ ಅದೇ. ನೀರು ಕುಡಿಯದ ಟೈಲಿಗೆ ಸಿಮೆಂಟು ಹಾಲು ಅಷ್ಟಾಗಿ ಕಚ್ಚಿಕೊಳ್ಳುವುದಿಲ್ಲ. ಹಿಂದಿನ ಸೆರಾಮಿಕ್ ಟೈಲನ್ನು ಬಕೆಟ್ ನೀರಿನಲ್ಲಿ ನೆನೆಸಿ ಸಿಮೆಂಟಿನ ಮೇಲೆ ಕೂರಿಸಿ ಕಲಿತ ಕೈಗಳು ಈ ಹೊಸ ಟೈಲನ್ನೂ ಹಾಗೆಯೇ ಕೂರಿಸುತ್ತವೆ. ಇದಕ್ಕೆಂದೇ ಬಂದ ಅಂಟನ್ನು ಹಲ್ಲಿರುವ ಕರಣೆಯಿಂದ ಇಡೀ ನೆಲಕ್ಕೆ ಗೀರಿ ಹರಡಬೇಕು. ಅವಸರದವರು ಟೈಲಿನ ಬೆನ್ನಿಗೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಎಂದು ಐದು ಮುದ್ದೆ ಇಟ್ಟು ಒತ್ತಿಬಿಡುತ್ತಾರೆ. ಮೇಲಿನಿಂದ ಎಲ್ಲ ಸಮ. ಮುದ್ದೆಗಳ ನಡುವೆ ಬರೀ ಗಾಳಿ. ಮುಂದೊಂದು ದಿನ ಆ ಗಾಳಿಯ ಮೇಲೆ ಕುಕ್ಕರ್ ಬೀಳುತ್ತದೆ, ಟೈಲು ಬಿರಿಯುತ್ತದೆ, ‘ನಿಮ್ಮ ಕುಕ್ಕರ್ ಭಾರ ಸಾರ್’ ಎಂಬ ತೀರ್ಪು ಹೊರಬೀಳುತ್ತದೆ.

ಟೊಳ್ಳನ್ನು ಪತ್ತೆಹಚ್ಚುವ ಉಪಾಯ ಸುಲಭ. ಐದು ರೂಪಾಯಿಯ ನಾಣ್ಯದಿಂದ ಟೈಲನ್ನು ಮೆಲ್ಲಗೆ ತಟ್ಟಬೇಕು. ಗಟ್ಟಿ ಕೂತಿದ್ದರೆ ಬಿಗಿಯಾದ ಚಿಕ್ಕ ಸದ್ದು, ಟೊಳ್ಳಿದ್ದರೆ ‘ಡಬ್’ ಎನ್ನುತ್ತದೆ. ಈ ವಿದ್ಯೆ ಕಲಿತ ಮೇಲೆ ನನ್ನ ಸಾಮಾಜಿಕ ಜೀವನ ಸ್ವಲ್ಪ ಹದಗೆಟ್ಟಿತು. ಗೃಹಪ್ರವೇಶಕ್ಕೆ ಹೋದರೆ ಸತ್ಯನಾರಾಯಣ ಪೂಜೆಯ ಕಥೆ ನಡೆಯುತ್ತಿರುವಾಗ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಒಮ್ಮೆ ಸಂಬಂಧಿಕರ ಹೊಸ ಮನೆಯಲ್ಲಿ ಊಟದ ಸಾಲಿನಲ್ಲಿ ಕೂತು, ಎಲೆಗೆ ಕೋಸಂಬರಿ ಬರುವ ಮೊದಲು ನಾಣ್ಯದಿಂದ ತಟ್ಟಿ ನೋಡಿದೆ. ಡಬ್. ಪಕ್ಕಕ್ಕೆ ಸರಿದು ತಟ್ಟಿದೆ. ಡಬ್. ಬಡಿಸುತ್ತಿದ್ದ ಯಜಮಾನರು, ‘ಏನಾದ್ರೂ ಬೇಕಿತ್ತಾ?’ ಎಂದು ಸಂಶಯದಿಂದ ಕೇಳಿದರು. ‘ಏನಿಲ್ಲ, ಟೈಲ್ಸ್ ಬಹಳ ಚೆನ್ನಾಗಿದೆ’ ಎಂದೆ. ಅವರು ಹಿಗ್ಗಿ, ಅಡಿಗೆ ಎಷ್ಟು ಕೊಟ್ಟರೆಂಬುದನ್ನೂ ಹೇಳಿ, ಹೋಳಿಗೆಯ ಸರದಿ ಬಂದಾಗ ನನಗೆ ಎರಡನೆಯದನ್ನೂ ಹಾಕಿದರು. ಹೆಂಡತಿ ಅಂದಿನಿಂದ ಸಮಾರಂಭಕ್ಕೆ ಹೊರಡುವ ಮುನ್ನ ನನ್ನ ಜೇಬಿನ ಚಿಲ್ಲರೆಯನ್ನು ತೆಗೆದು ಮೇಜಿನ ಮೇಲಿಡುತ್ತಾಳೆ.

ಇಂಥ ಹೊತ್ತಿನಲ್ಲಿ ಅಮ್ಮನಿಗೆ ತವರಿನ ರೆಡ್ ಆಕ್ಸೈಡ್ ನೆಲ ನೆನಪಾಗುತ್ತದೆ. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಒಂದು ಕೋಣೆಯ ನೆಲವನ್ನು ನಡುವೆ ನಿಲ್ಲಿಸದೆ ಒಂದೇ ಪಟ್ಟಿಗೆ ಎಳೆದು, ಕರಣೆಯಿಂದ ತಿಕ್ಕಿ ತಿಕ್ಕಿ ಹೊಳಪು ಬರಿಸಿ, ದಿನಗಟ್ಟಲೆ ನೀರು ನಿಲ್ಲಿಸಿ, ಆಮೇಲೆ ಕೊಬ್ಬರಿ ಎಣ್ಣೆ ಸವರಿ ಒರೆಸುತ್ತಿದ್ದರು. ಸಂದಿಯೇ ಇಲ್ಲದ ನೆಲ, ಆದ್ದರಿಂದ ಗ್ರೌಟಿನ ಆಶ್ವಾಸನೆಯೂ ಇಲ್ಲ. ಕಾಲ ಕಳೆದಂತೆ ಕೂದಲೆಳೆ ಬಿರುಕು ಬರುತ್ತಿತ್ತು ಎಂಬುದನ್ನು ಅಮ್ಮ ಹೇಳುವುದಿಲ್ಲ. ತವರಿನ ನೆಲದಲ್ಲಿ ಬಿರುಕಿರುವುದಿಲ್ಲ. ಕರಾವಳಿಯವರ ಅದೃಷ್ಟ ಇನ್ನೂ ದೊಡ್ಡದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದಾಗ, ಒಂದು ಹೆಂಚು ಇನ್ನೊಂದನ್ನು ಹಿಡಿದುಕೊಳ್ಳುವ ಕಚ್ಚನ್ನೂ ನೀರು ಇಳಿಯುವ ದಾರಿಯನ್ನೂ ಅಚ್ಚಿನಲ್ಲೇ ಒತ್ತಿ ಕಳಿಸುತ್ತಿದ್ದರು. ಅಡ್ಡಪಟ್ಟಿಗೆ ಸಿಕ್ಕಿಸಿ ಜೋಡಿಸಿದರಾಯಿತು, ಮಳೆ ತನ್ನ ದಾರಿ ಹಿಡಿಯುತ್ತಿತ್ತು. ನೆಲದ ಟೈಲಿಗೆ ಆ ಬುದ್ಧಿಯನ್ನು ಯಾವ ಮೋರ್ಬಿಯೂ ಒತ್ತಿ ಕಳಿಸಲಾರದು. ಅದು ಕೂರಿಸುವವನ ಕೈಯಿಂದಲೇ ಬರಬೇಕು.

ಇತ್ತ ನಮ್ಮ ಬಚ್ಚಲ ಗೋಡೆಯ ಆಚೆಬದಿಯಲ್ಲಿ, ಮಲಗುವ ಕೋಣೆಯ ಬೀರುವಿನ ಹಿಂದೆ, ಒಂದು ಒದ್ದೆ ಕಲೆ ಮೂಡಿತು. ಪೇಂಟರ್ ಬಂದು, ಮಾಮೂಲು ಪ್ರಶ್ನೆ ಕೇಳಿ, ಬಣ್ಣ ಬಳಿದು ಹೋದ. ಇಡೀ ಗೋಡೆ ಒಣಗಿತು, ಕಲೆಯ ಜಾಗ ಬಿಟ್ಟು. ನನಗೆ ಬೇಲೂರು ನೆನಪಾಯಿತು. ಜಕಣಾಚಾರಿ ಕಡೆದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಎಂದು ಒಬ್ಬ ಹುಡುಗ ಹೇಳಿದನಂತೆ. ದೋಷವಿದ್ದರೆ ನನ್ನ ಬಲಗೈಯನ್ನೇ ಕತ್ತರಿಸಿಕೊಳ್ಳುತ್ತೇನೆ ಎಂದು ಆಚಾರಿ ಪಣ ತೊಟ್ಟ. ಮೂರ್ತಿಗೆಲ್ಲ ಗಂಧ ಲೇಪಿಸಿದರೆ ಹೊಕ್ಕುಳ ಬಳಿ ಮಾತ್ರ ಗಂಧ ಒಣಗಲಿಲ್ಲ. ಅಲ್ಲಿ ಉಳಿಯಿಟ್ಟರೆ ನೀರೂ ಕಪ್ಪೆಯೂ ಹೊರಬಂದವು ಎಂಬುದು ಕಪ್ಪೆ ಚೆನ್ನಿಗರಾಯನ ಐತಿಹ್ಯ. ಹುಡುಗ ಆಚಾರಿಯ ಮಗನೇ ಎಂದು ಆಮೇಲೆ ಗೊತ್ತಾಯಿತು. ಇದು ಕಥೆಯೇ ಇರಲಿ, 1117ರ ಆ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಾವು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೊರೆದದ್ದಂತೂ ನಿಜ. ನಾನು ಇದೇ ಐತಿಹ್ಯವನ್ನು ಕಾಂಟ್ರ್ಯಾಕ್ಟರನಿಗೆ ಫೋನಿನಲ್ಲಿ ಹೇಳಿ, ಕೈ ಕತ್ತರಿಸಿಕೊಳ್ಳುವುದು ಬೇಡ, ಬಂದು ನೋಡಿದರೆ ಸಾಕು ಎಂದೆ. ಆಮೇಲೆ ಅವನು ಫೋನ್ ಎತ್ತಲಿಲ್ಲ. ಬಚ್ಚಲಲ್ಲಿ ಹೆಸರು ಕೊರೆದಿದ್ದಾನೆಯೇ ಎಂದೂ ಹುಡುಕಿದೆ. ಕಮೋಡಿನ ಹಿಂದೆ, ಒಣಗಿದ ಸಿಮೆಂಟಿನಲ್ಲಿ ಅರ್ಧ ಚಪ್ಪಲಿಯ ಗುರುತೊಂದು ಇತ್ತು.

ಕೊನೆಗೆ ಟಿ. ನರಸೀಪುರದ ಕಡೆಯ ಒಬ್ಬ ಹಿರಿಯ ಮೇಸ್ತ್ರಿ ಸಿಕ್ಕರು. ಸೊಂಟದ ಮೇಲೆ ಕೈಯಿಡದೆ ಕುಕ್ಕರುಗಾಲಲ್ಲಿ ಕೂತು, ಅಂಗೈಯಿಂದ ನೆಲ ಸವರಿ, ‘ಅಡಿಗೆ ಎಷ್ಟು ಕೊಟ್ರಿ ಸಾ?’ ಎಂದರು. ಹೇಳಿದೆ. ‘ಅವನ್ನ ಬಯ್ಯಬ್ಯಾಡಿ, ಅಷ್ಟಕ್ಕೆ ಇಷ್ಟೇಯ’ ಎಂದು ಲೆಕ್ಕ ಬಿಡಿಸಿದರು. ಹಾಲಿನಲ್ಲಿ ಎರಡಡಿ ಚದರದ ಒಂದು ಟೈಲು ಇಟ್ಟರೆ ಮೇಸ್ತ್ರಿಯ ಖಾತೆಗೆ ನಾಲ್ಕು ಚದರಡಿ. ಬಚ್ಚಲಿನಲ್ಲಿ ಒಂದಡಿಯ ಟೈಲನ್ನು ಕಮೋಡಿನ ಬುಡಕ್ಕೆ ಸರಿಯಾಗಿ ಕಮಾನು ಕತ್ತರಿಸಿ, ವಾಟ ನೋಡಿ ಕೂರಿಸಿದರೆ ಅರ್ಧ ಚದರಡಿ. ಹಾಲಿನಲ್ಲಿ ಒಂದು ದಿನಕ್ಕೆ ಸಿಗುವ ದುಡ್ಡಿಗೆ ಇಲ್ಲಿ ಮೂರು ದಿನ ಬೆನ್ನು ಬಗ್ಗಿಸಬೇಕು. ಆದ್ದರಿಂದ ಅಡಿ ಲೆಕ್ಕದವನು ಬಚ್ಚಲಿನಲ್ಲಿ ಓಡುತ್ತಾನೆ. ನಾವು ಮೇಸ್ತ್ರಿಗೆ ಅಗಲಕ್ಕೆ ದುಡ್ಡು ಕೊಟ್ಟು, ಇಳಿಜಾರು ಚೆನ್ನಾಗಿರಬೇಕೆಂದು ಬಯಸುತ್ತೇವೆ. ವೈಪರ್ ಎಳೆಯುತ್ತಾ ನಾನು ಹುಡುಕುತ್ತಿದ್ದ ಉತ್ತರದ ಉಳಿದರ್ಧ ಇದು.

ಅವರು ದಿನಗೂಲಿಗೆ ಒಪ್ಪಿಕೊಂಡರು. ಹಳೆಯ ಟೈಲ್ಸನ್ನು ಎಬ್ಬಿಸುವಾಗ ಕೆಲವು ಒಂದಿಷ್ಟೂ ಮುರಿಯದೆ ಮರ್ಯಾದೆಯಿಂದ ಎದ್ದು ಬಂದವು. ಅವುಗಳ ಬೆನ್ನಿಗೆ ಏನೂ ಅಂಟಿಯೇ ಇರಲಿಲ್ಲ. ನೆಲಕ್ಕೆ ಗಾರೆಯಲ್ಲೇ ವಾಟ ಕಟ್ಟಿ, ವಾಟರ್‌ಪ್ರೂಫ್ ಲೇಪನ ಬಳಿದು, ಗೋಡೆಯ ಮೇಲೂ ಒಂದಡಿ ಎತ್ತರಕ್ಕೆ ಅದನ್ನು ಹತ್ತಿಸಿದರು. ಅದು ಒಣಗಿದ ಮೇಲೆ ಜಾಲರಿಗೆ ಬಟ್ಟೆ ತುರುಕಿ ಬಚ್ಚಲಿನ ತುಂಬ ನೀರು ನಿಲ್ಲಿಸಿ, ‘ಇವತ್ತು ಬೇರೆ ಕೆಲ್ಸ ಇಲ್ಲ’ ಎಂದು ಅಂಗಳದ ಸ್ಟೂಲಿನ ಮೇಲೆ ಕೂತುಬಿಟ್ಟರು. ಪೇಪರ್ ಓದಿದರು, ಅಮ್ಮನೊಂದಿಗೆ ರಾಗಿ ಬೆಲೆ ಮಾತಾಡಿದರು, ಎರಡು ಸಲ ಕಾಫಿ ಕುಡಿದರು. ನಡುನಡುವೆ ಎದ್ದು ಹೋಗಿ, ನೀರಿನ ಅಂಚಿಗೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಎಳೆದಿದ್ದ ಗೆರೆ ನೋಡಿ, ಮಲಗುವ ಕೋಣೆಯ ಗೋಡೆ ಮುಟ್ಟಿ ಬಂದರು. ರಾತ್ರಿಯೂ ನೀರು ನಿಂತಿತು. ಗೋಡೆ ಒಣಗಿಯೇ ಇತ್ತು. ಮಾರನೆಯ ದಿನ ಬಟ್ಟೆ ಕಿತ್ತರೆ ನೀರು ಯಾರ ಅಪ್ಪಣೆಯನ್ನೂ ಕೇಳದೆ ಜಾಲರಿಗೆ ಇಳಿಯಿತು. ಟೈಲ್ಸ್ ಆಮೇಲೆ ಬಂತು.

ಬಿಲ್ಲು ಬರೆದದ್ದು ಕ್ಯಾಲೆಂಡರಿನ ಹಿಂಬದಿಯಲ್ಲಿ. ಅದರಲ್ಲಿ ನೀರು ನಿಲ್ಲಿಸಿದ ದಿನಕ್ಕೂ ಒಂದು ಪೂರ್ತಿ ಕೂಲಿ ಸೇರಿತ್ತು. ಲೆಕ್ಕಪತ್ರದಲ್ಲಿ ಕಟ್ಟುನಿಟ್ಟಾದ ನನ್ನ ಹೆಂಡತಿ ಕೇಳಿಯೇಬಿಟ್ಟಳು: ‘ಅವತ್ತು ನೀವು ಸುಮ್ಮನೆ ಕೂತಿದ್ರಲ್ಲ ಮೇಸ್ತ್ರಿ?’

‘ಕೆಲ್ಸ ಆಗಿದ್ದೇ ಅವತ್ತು ಕಣವ್ವ’ ಎಂದರು ಮೇಸ್ತ್ರಿ. ‘ಮಿಕ್ಕಿದ ದಿನ ಬರೀ ಕಲ್ಲು ಜೋಡ್ಸಿದ್ದು.’

ಆ ಒಂದು ದಿನದ ಕೂಲಿ ಚದರಡಿಗೆ ಎಷ್ಟು ಬೀಳುತ್ತದೆಂದು ನೋಡಲು ಅವಳು ಕ್ಯಾಲ್ಕುಲೇಟರ್ ಎತ್ತಿಕೊಂಡಳು. ಎರಡು ಸಲ ಒತ್ತಿದಳು, ಅಳಿಸಿದಳು, ಅದನ್ನು ಮೇಜಿನ ಮೇಲಿಟ್ಟು ದುಡ್ಡು ಎಣಿಸಿದಳು. ಸುಮ್ಮನೆ ಕೂತಿದ್ದಕ್ಕೆ ನಮ್ಮ ಮನೆಯಲ್ಲಿ ಒಬ್ಬರಿಗೆ ಸಂಬಳ ಸಿಕ್ಕಿದ್ದು ಅದೇ ಮೊದಲು. ನಾನು ವರ್ಷಗಳಿಂದ ಪುಕ್ಕಟೆಯಾಗಿ ಕೂತಿದ್ದೇನೆ.