ಶೋಕೇಸಿನ ಷಹಜಹಾನ್

ನಡುಮನೆಯಲ್ಲಿ ಗಾಜಿನ ಬೀರು ಇರುವವರೆಲ್ಲ ಅಪಾಯಕಾರಿಗಳಲ್ಲ. ಅದರೊಳಗೆ ಲೈಟು ಹಾಕಿಸಿಕೊಂಡವರ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರಾಗಿರಬೇಕು. ನಮ್ಮೂರು ಹೇಮಾವತಿಯ ನಿವೃತ್ತ ಗಣಿತ ಮೇಷ್ಟ್ರು ಈ ಎರಡನೇ ಪಂಗಡದವರು.

ಮೊದಲು ಅವರ ಶೋಕೇಸಿನಲ್ಲಿ ಎಲ್ಲರ ಮನೆಯಲ್ಲಿ ಇರುವುದೇ ಇತ್ತು: ಶಿಕ್ಷಕರ ದಿನಾಚರಣೆಯ ಶೀಲ್ಡು, ರಾಮೇಶ್ವರದ ಶಂಖ, ಚನ್ನಪಟ್ಟಣದ ಗಂಡ-ಹೆಂಡತಿ ಗೊಂಬೆ, ಮಗಳ ಮದುವೆಗೆ ಬಂದು ಇಂದಿಗೂ ಅನ್ನ ಕಾಣದ ಡಿನ್ನರ್ ಸೆಟ್ಟು. ಅಮೆರಿಕದ ಮಗ ಲೆಗೊ ಎಂಬ ಆಟಿಕೆ ಇಟ್ಟಿಗೆಗಳ ತಾಜಮಹಲನ್ನು ತಂದುಕೊಟ್ಟ ದಿನವೇ ಇವೆಲ್ಲ ಅಟ್ಟ ಸೇರಿದವು. ಅದು ಕಂಪನಿ 2017ರಲ್ಲಿ ಮತ್ತೆ ಬಿಟ್ಟ ಮಾದರಿ, ಒಟ್ಟು 5,923 ತುಂಡು. ತುಂಡುಗಳ ಲೆಕ್ಕವನ್ನು ನಾನು ಹುಡುಕಿಕೊಂಡು ಹೋಗಿ ತಿಳಿದದ್ದಲ್ಲ. ನಮ್ಮೂರಲ್ಲಿ ಅದು ಗೊತ್ತಿಲ್ಲದವರು ಯಾರೂ ಇಲ್ಲ.

ಡಬ್ಬಿಯ ಮೇಲೆ ‘16+’ ಎಂದಿತ್ತು. ಬೆಂಗಳೂರಿನಿಂದ ರಜೆಗೆ ಬಂದಿದ್ದ ಒಂಬತ್ತರ ಮೊಮ್ಮಗ ಕೈ ಹಾಕಿದಾಗ ಮೇಷ್ಟ್ರು ಅದನ್ನೇ ತೋರಿಸಿ, “ಕಾನೂನು ಕಣಪ್ಪಾ” ಅಂದರು. ಕಟ್ಟುವ ಕೆಲಸ ತಿಂಗಳುಗಟ್ಟಲೆ ನಡೆಯಿತು. ಊಟದ ಮೇಜು ಕೈಬಿಟ್ಟುಹೋಯಿತು, ಮನೆಮಂದಿ ನೆಲದ ಮೇಲೆ ಚಾಪೆ ಹಾಸಿ ಉಂಡರು. ಆದರೆ ಸೂಚನೆಯ ಪುಸ್ತಕದ ಬಗ್ಗೆ ಮೇಷ್ಟ್ರಿಗೆ ಹುಟ್ಟಿದ ಗೌರವ ದೊಡ್ಡದು. ಆಂಧ್ರದ ಗಡಿಯಲ್ಲಿರುವ ನಮ್ಮ ಮಡಕಶಿರಾ ಸೀಮೆಯಲ್ಲಿ ಕಾಗದವೆಂದರೆ ಒಂದು ತಕರಾರೇ. ಜಮೀನಿನ ದಾಖಲೆ ತೆಲುಗಿನಲ್ಲಿ, ಲಗ್ನಪತ್ರಿಕೆ ಕನ್ನಡದಲ್ಲಿ, ಡಾಕ್ಟರ ಚೀಟಿ ಯಾವುದರಲ್ಲೂ ಅಲ್ಲ. 2022ರ ಏಪ್ರಿಲ್‌ನಲ್ಲಿ ನಮ್ಮನ್ನು ಅನಂತಪುರದಿಂದ ಬಿಡಿಸಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಿದ ಮೇಲೆ ವಿಳಾಸ ಬರೆಯಲೂ ಯೋಚಿಸಬೇಕು. ಈ ಪುಸ್ತಕದಲ್ಲಾದರೆ ಬರೀ ಚಿತ್ರ. “ನೋಡಿ, ಭಾಷೆಯ ಜಗಳವಿಲ್ಲದೆ ಓದಿಸಿಕೊಂಡದ್ದು ಇದೊಂದೇ” ಎನ್ನುತ್ತಾರೆ ಮೇಷ್ಟ್ರು.

ಕೊನೆಗೆ ಒಂದಷ್ಟು ಚೂರು ಉಳಿದವು. ಕಳೆದುಹೋದರೆ ಇರಲೆಂದು ಸಣ್ಣ ತುಂಡುಗಳನ್ನು ಕಂಪನಿಯೇ ಹೆಚ್ಚಿಗೆ ಹಾಕಿರುತ್ತದಂತೆ. ಲೆಕ್ಕದ ಮೇಷ್ಟ್ರಿಗೆ ಉತ್ತರ ಸರಿ ಬಂದು ಶೇಷ ಉಳಿಯುವುದೆಂದರೇನು? ಎರಡು ದಿನ ನಿದ್ದೆ ಮಾಡಲಿಲ್ಲ. ಮಗ ಫೋನಿನಲ್ಲಿ ಪ್ರಮಾಣ ಮಾಡಿದ ಮೇಲೆ ಅವು ಕುಂಕುಮದ ಭರಣಿ ಸೇರಿದವು. ಒಂದು ಮಂಗಳವಾರ ಯಾರದೋ ಹಣೆಗೆ ಅದರಲ್ಲೊಂದು ಅಂಟಿಕೊಂಡೂ ಹೋಯಿತು.

ಇವೆಲ್ಲ ಪೀಠಿಕೆ. ಈ ಜಾತಿಯವರ ನಿಜವಾದ ಸುಖ ಕಟ್ಟುವುದರಲ್ಲಿಲ್ಲ, ತೋರಿಸುವುದರಲ್ಲಿದೆ. ಅದರಲ್ಲೂ, ತಾವಾಗಿ ತೋರಿಸದೆ, ಬಂದವರೇ ನೋಡಿ ಕೇಳುವಂತೆ ಮಾಡುವುದರಲ್ಲಿ. ಅತಿಥಿ ಒಳಗೆ ಕಾಲಿಟ್ಟ ಕೂಡಲೇ ಮೇಷ್ಟ್ರು ಸ್ವಿಚ್ಚು ಒತ್ತುತ್ತಾರೆ. ನಡುಹಗಲಾದರೂ ಸರಿ. ಅತಿಥಿ ಕೂರುವ ಕುರ್ಚಿ ಮೊದಲೇ ನಿಶ್ಚಯವಾಗಿರುತ್ತದೆ. ಅವನು ಮಳೆ, ಅಡಿಕೆ ರೇಟು, ಶಿರಾದ ಆಸ್ಪತ್ರೆ ಎಂದು ಮಾತಾಡುತ್ತಲೇ ಇದ್ದರೆ ಮೇಷ್ಟ್ರು ಬೀರುವಿನ ಕಡೆ ನೋಡಿ ಕೆಮ್ಮುತ್ತಾರೆ. ಮತ್ತೂ ಗಮನಿಸದಿದ್ದರೆ ಬಣ್ಣ ಬಳಿಯುವ ಬ್ರಷ್ಷು ಹಿಡಿದು ಮಿನಾರಿನ ಧೂಳು ಕೊಡವಲು ಏಳುತ್ತಾರೆ. ಆಗಲಾದರೂ “ಏನು ಮೇಷ್ಟ್ರೇ ಅದು?” ಎನ್ನಬೇಕು. ಅನ್ನದಿದ್ದವರಿಗೆ ಕಾಫಿ ತಡವಾಗುತ್ತದೆ.

ಅಂದಿರೋ, ಮುಗಿಯಿತು. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಲ್ಲಿ 1932ರಲ್ಲಿ ಬಡಗಿಯೊಬ್ಬ ಶುರುಮಾಡಿದ ಕಂಪನಿಯಿಂದ ಪಾಠ ಆರಂಭ. ಇಟ್ಟಿಗೆಯ ಮೇಲೆ ಗುಂಡಿ, ಹೊಟ್ಟೆಯೊಳಗೆ ಟೊಳ್ಳು ಕೊಳವೆ. ಗುಂಡಿ ಕೊಳವೆಯನ್ನು ಬಿಗಿಯಾಗಿ ಕಚ್ಚುವ ಈ ಉಪಾಯಕ್ಕೆ 1958ರಲ್ಲಿ ಪೇಟೆಂಟು. ಆ ವರ್ಷದ ಇಟ್ಟಿಗೆಗೆ ಇವತ್ತಿನದೂ ಕೂರುತ್ತದೆ. “ಗುಂಡಿ ಎಂಟಿರುವ ಒಂದೇ ಬಣ್ಣದ ಇಟ್ಟಿಗೆ ಬರೀ ಆರು ಕೊಡಿ. ಎಷ್ಟು ಥರ ಜೋಡಿಸಬಹುದು ಹೇಳಿ?” ಕೇಳಿದವರು ನೂರು ಅನ್ನುತ್ತಾರೆ, ಧೈರ್ಯವಂತರು ಸಾವಿರ ಅನ್ನುತ್ತಾರೆ. “91,51,03,765!” ಆ ಕೊನೆಯ 765 ಹೇಳುವಾಗ ಅವರ ಮುಖ ನೋಡಬೇಕು, ಸಾಲ ತೀರಿಸಿದವನ ಮುಖ.

ಊರಿನವರು ಮಾತ್ರ ಪ್ರಶ್ನೆಗಳನ್ನು ತಾವೇ ಆರಿಸಿಕೊಳ್ಳುತ್ತಾರೆ. ಗಾರೆ ಮೇಸ್ತ್ರಿ ಸುತ್ತ ನೋಡಿ, “ಪಾಯ ಎಷ್ಟಡಿ?” ಅಂದ. ಅಗಳಿಯ ಬೀಗರು ಬೆಲೆ ಕೇಳಿ, ಮಗ ಡಾಲರಿನಲ್ಲಿ ಹೇಳಿದ್ದನ್ನು ಮೇಷ್ಟ್ರು ರೂಪಾಯಿಗೆ ಇಳಿಸಿ ಹೇಳಿದ ಮೇಲೆ, “ಎರಡು ಒಳ್ಳೆ ಟಗರು ಬರ್ತಿದ್ವಲ್ಲ ಬೀಗ್ರೇ” ಎಂದು ನಿಟ್ಟುಸಿರಿಟ್ಟರು. ಎದುರು ಮನೆಯ ಅಜ್ಜಿ ಇನ್ನೂ ಮುಂದೆ ಹೋಗಿ, “ಸತ್ತೋರ ಸಮಾಧೀನ ಯಾರಾದ್ರೂ ನಡುಮನೇಲಿ ಇಟ್ಕೋತಾರೇನಪ್ಪಾ?” ಅಂದುಬಿಟ್ಟಳು. ಅದು ಮೇಷ್ಟ್ರ ಹೆಂಡತಿಯ ಕಿವಿಗೆ ಬಿದ್ದದ್ದೇ ಅನಾಹುತ. ಅವರಿಗೂ ಶೀಲ್ಡು-ಶಂಖಗಳನ್ನು ಒಕ್ಕಲೆಬ್ಬಿಸಿದ ಸಿಟ್ಟು ಇದ್ದೇ ಇತ್ತು. ಕೊನೆಗೆ ರಾಜಿಯಾದದ್ದು ಹೀಗೆ: ತಾಜಮಹಲು ಇರಲಿ, ಮೇಲಿನ ಅರೆಯಲ್ಲಿ ಸಿದ್ಧೇಶ್ವರನ ಫೋಟೊ ಇರಲಿ. ಲಿಂಗವಾಗದೆ ಮನುಷ್ಯರಂತೆಯೇ ಕುಳಿತಿರುವ ನಮ್ಮೂರ ಶಿವ ಈಗ ಅಲ್ಲಿಂದ ಷಹಜಹಾನನ ಕಟ್ಟಡವನ್ನು ಮೇಲ್ವಿಚಾರಣೆ ಮಾಡುತ್ತಿದ್ದಾನೆ.

ಆ ಮೊಮ್ಮಗನ ಕತೆ ಹೇಳಬೇಕು. ಮುಂದಿನ ರಜೆಯಲ್ಲಿ ಬಂದು ಹೋದ ಮೇಲೆ ನೋಡಿದರೆ ಒಂದು ಮಿನಾರಿನ ತುದಿಯಿಲ್ಲ. ಅವನ ಚಡ್ಡಿ ಜೇಬಿನಲ್ಲಿ ಅದು ಬೆಂಗಳೂರು ಸೇರಿತ್ತು. ಮೇಷ್ಟ್ರು ಹೌಹಾರಲಿಲ್ಲ. “ನಮ್ಮೂರಿಗೆ ಇದು ಹೊಸದಲ್ಲ ಬಿಡಿ” ಅಂದರು. ಹಿಂದೆ ನೊಳಂಬ ಅರಸರ ರಾಜಧಾನಿಯಾಗಿದ್ದ ಹೆಂಜೇರು ನಮ್ಮ ಹೇಮಾವತಿಯೇ. ಅವರ ಕಂಬಗಳನ್ನು ಚೋಳರು ಹೊತ್ತುಕೊಂಡು ಹೋಗಿ ತಂಜಾವೂರಿನ ಹತ್ತಿರದ ತಿರುವೈಯಾರಿನ ಗುಡಿಯಲ್ಲಿ ನಿಲ್ಲಿಸಿಕೊಂಡರು, ಇವತ್ತಿಗೂ ಅಲ್ಲಿವೆ. ಕೆಲವು ಮೂರ್ತಿಗಳು ಮದ್ರಾಸಿನ ಮ್ಯೂಸಿಯಮ್ಮಿನಲ್ಲಿವೆ. ಅಂದಿನಿಂದ ಮಗಳ ಸಂಸಾರ ಕಾರಿಳಿದ ಕೂಡಲೇ ಮೇಷ್ಟ್ರು ಒಳಗಿನವರಿಗೆ ಕೂಗುತ್ತಾರೆ: “ಲೇ, ಚೋಳರ ದಂಡು ಬಂತು, ಬೀಗ ಹಾಕು!”

ನನಗಿರುವ ಆಶ್ಚರ್ಯ ಒಂದೇ. ಮನೆಯಿಂದ ನಾಲ್ಕು ಹೆಜ್ಜೆಗೆ ದೊಡ್ಡೇಶ್ವರನ ಗುಡಿಯಿದೆ. ಕರಿಕಲ್ಲಿನ ಆ ಜಾಲಂಧ್ರಗಳಲ್ಲಿ ಬಳ್ಳಿಯ ನಡುವೆ ಬಳ್ಳಿ ನುಸುಳಿದ ಕೆತ್ತನೆ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಮೇಷ್ಟ್ರು ಆ ಕಡೆ ತಿರುಗುವುದು ಶಿವರಾತ್ರಿಯ ಜಾತ್ರೆಗೆ ಮಾತ್ರ. ಕೇಳಿದರೆ, “ಅದನ್ನ ನಾನು ಕಟ್ಟಿದ್ದೇನಯ್ಯಾ?” ಎನ್ನುತ್ತಾರೆ.

ಮೊನ್ನೆ ಕ್ಯಾಮೆರಾ ನೇತುಹಾಕಿಕೊಂಡ ಇಬ್ಬರು ಗುಡಿಗೆ ದಾರಿ ಕೇಳಿಕೊಂಡು ಅವರ ಜಗಲಿಗೇ ಬಂದರು. ಮೇಷ್ಟ್ರು ನೀರು ಕೊಟ್ಟರು, ಒಳಗೆ ಕರೆದರು, ಸ್ವಿಚ್ಚು ಒತ್ತಿದರು. ಬಿಲ್ಲುಂಡ್ ದಾಟಿ 1958ಕ್ಕೆ ಬರುವ ಹೊತ್ತಿಗೆ ಬಿಸಿಲು ಇಳಿಯತೊಡಗಿತ್ತು. ಅವರಲ್ಲೊಬ್ಬ ಸಂಕೋಚದಿಂದ, “ಸಾರ್, ಬೆಳಕು ಹೋದರೆ ಫೋಟೊ ಬರಲ್ಲ” ಅಂದ.

“ಅದಕ್ಕೇನಂತೆ,” ಎಂದು ಮೇಷ್ಟ್ರು ಎರಡನೇ ಸ್ವಿಚ್ಚನ್ನೂ ಒತ್ತಿದರು. “ಈಗ ತೆಗೀರಿ.”