ಶಿವಗಂಗೆಯ ಆರೋಹಣ: ತಾತ್ವಿಕ ಮುಖಾಮುಖಿಯ ಬಹುಮುಖಿ ನೆಲೆಗಳು

ಪೀಠಿಕೆ: ದಾಬಸ್‌ಪೇಟೆಯಿಂದ ಆರೇಳು ಕಿಲೋಮೀಟರ್ ಆಚೆ, ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರದಲ್ಲಿ ಶಿವಗಂಗೆಯೆಂಬ ಶಿಲಾಪಠ್ಯವು ತನ್ನನ್ನು ತಾನೇ ಮಂಡಿಸಿಕೊಳ್ಳುತ್ತಿದೆ. ಸಾಮಾನ್ಯರು ಇದನ್ನು ಬೆಟ್ಟ ಎನ್ನುತ್ತಾರೆ. ಪ್ರಸ್ತುತ ಪ್ರಬಂಧ ಸಾಮಾನ್ಯರಿಗಲ್ಲ. ಆಶ್ವಯುಜದ ಒಂದು ಮಂಗಳವಾರ, ಮಳೆ ಬಿಟ್ಟ ಹೊತ್ತಿನಲ್ಲಿ ಬೆಟ್ಟ ಹತ್ತುವಿಕೆಯೆಂಬ ದೈಹಿಕ ಕಥನವನ್ನು ದೇಸಿ ಚೌಕಟ್ಟಿನಲ್ಲಿ ಅನುಸಂಧಾನಕ್ಕೆ ಒಳಪಡಿಸುವುದು ಇಲ್ಲಿನ ಆಶಯ. (ಇಂಥ ವಾಕ್ಯಗಳನ್ನು ವಿಚಾರ ಸಂಕಿರಣವೊಂದರಲ್ಲಿ ಊಟದ ಹೊತ್ತು ಮೀರುವವರೆಗೂ ಕೇಳಿದ್ದೇನೆ. ಋಣ ತೀರಿಸಬೇಕು.)

ನೋಟದ ಬಹುತ್ವ: ಪೂರ್ವದಿಂದ ನಂದಿ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪ, ಬೆಟ್ಟ ಹೀಗೆ ಕಾಣುತ್ತದೆಂದು ಪ್ರತೀತಿ. ಆದ್ದರಿಂದ ಬೆಟ್ಟಕ್ಕೆ ಸ್ಥಿರಾರ್ಥವಿಲ್ಲ. ತುಮಕೂರು ರಸ್ತೆಯಿಂದ ನೋಡಿದವರಿಗೆ ದಕ್ಕುವ ಐದನೆಯ ಅರ್ಥ, ಲಾರಿ ಧೂಳು.

ವರ್ಗೀಕರಣ: ಆರೋಹಿಗಳಲ್ಲಿ ಐದು ಬಗೆ. ಒಂದು, ಭಕ್ತಿಪ್ರಧಾನರು: ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಕೈಮುಗಿದು, ಅಭಿಷೇಕದ ತುಪ್ಪ ಬೆಣ್ಣೆಯಾಗುವ ವಿಷಯ ಮಾತಾಡುತ್ತ ಇಳಿದುಹೋಗುವವರು. ಎರಡು, ಜಲಸ್ಪರ್ಶಾಕಾಂಕ್ಷಿಗಳು: ಒಳಕಲ್ಲು ತೀರ್ಥದ ಕುಳಿಯೊಳಗೆ ಭುಜದವರೆಗೂ ಕೈ ತೂರಿಸುವವರು. ನೀರು ಸಿಕ್ಕಿದವರು ಪುಣ್ಯವಂತರು. ಪುಣ್ಯವು ತೋಳಿನ ಉದ್ದಕ್ಕೆ ಅಧೀನವೆಂಬುದು ನನ್ನ ಪ್ರಮೇಯವಾಗಿತ್ತು. ಅಂದು ಉದ್ದ ತೋಳಿನ ಹುಡುಗನೊಬ್ಬನಿಗೆ ನೀರು ಸಿಗಲಿಲ್ಲ, ಅವನ ಅಜ್ಜಿಗೆ ಸಿಕ್ಕಿತು. "ಬೆಳಗ್ಗೆ ನಿಮ್ಮಮ್ಮಂಗೆ ಎದುರು ಮಾತಾಡ್ದಲ್ಲ, ಅದಕ್ಕೇ ಕಣೋ" ಎಂದು ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡರು. ಮೂರನೆಯ ಬಗೆಗೆ ಬರುವಷ್ಟರಲ್ಲಿ ಕೋತಿಯೊಂದು ನನ್ನ ಕೈಯ ಸೌತೆಕಾಯಿಯನ್ನು ಖಾರದಪುಡಿ ಸಮೇತ ಕಿತ್ತುಕೊಂಡಿತು (ಮಾನವೇತರ ಕರ್ತೃತ್ವ). ವರ್ಗೀಕರಣ ಇಷ್ಟು ಸಾಕು.

ಮೇಲ್ಭಾಗದಲ್ಲಿ ಬಂಡೆಗೇ ಕಡೆದ ಮೆಟ್ಟಿಲು, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಒದ್ದೆ ಕಂಬಿ ಹಿಡಿದರೆ ಅಂಗೈಗೆ ತುಕ್ಕಿನ ವಾಸನೆ. ಕೆಳಗೆ ತೆನೆಗಟ್ಟಿದ ರಾಗಿ ಹೊಲ, ನಡುನಡುವೆ ಹುಚ್ಚೆಳ್ಳಿನ ಹಳದಿ ಸಾಲು. ಇದನ್ನು ಯಾವ ನೆಲೆಯಲ್ಲಿ ಗ್ರಹಿಸಬೇಕೋ ತಿಳಿಯದೆ ಸುಮ್ಮನೆ ಕೂತೆ. ಹಾಗೆ ಕೂರಲು ಯಾವ ಪರಿಭಾಷೆಯೂ ಬೇಕಾಗಲಿಲ್ಲ.

ಆಮೇಲೆ ಸ್ಪೀಕರ್ ಹೊತ್ತ ಒಂದು ಗುಂಪು ಬಂತು. "ಶಾಂತಲಾ ಡ್ರಾಪ್ ಎಲ್ಲಿ ಬ್ರೋ?" ಎಂದು ಕೇಳಿ, ಅಂಚಿಗೆ ಹೋಗಿ, ಬೀಳುವವನಂತೆ ನಟಿಸಿ ರೀಲ್ಸ್ ಮಾಡಿಕೊಂಡಿತು. ಮಂಡನೆ ಇಲ್ಲಿಗೆ ನಿಲ್ಲಲಿ. ವಿಷ್ಣುವರ್ಧನನ ಪಟ್ಟದ ರಾಣಿ ಶಾಂತಲೆ, ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದವಳು, 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಬೆಳಗೊಳದ ಶಾಸನ ಹೇಳುತ್ತದೆ. ಆ ಅಂಚಿನಿಂದ ಹಾರಿದಳೆಂಬುದು ಜನರ ಬಾಯಲ್ಲಿ ಬೆಳೆದ ಕಥೆ. ಶಾಸನದಲ್ಲಿ ಇನ್ನೂ ಒಂದು ಮಾತಿದೆ: ಮಗಳನ್ನು ಕಳೆದುಕೊಂಡ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಹೋಗಿ ಅನ್ನನೀರು ಬಿಟ್ಟು ಸಲ್ಲೇಖನದಿಂದ ಪ್ರಾಣಬಿಟ್ಟಳು. ಒಂದು ಮನೆಯ ಎರಡು ಸಾವಿಗೆ ಮೊದಲಾದ ಜಾಗ ಇದು. ಆ ಸಂಕಿರಣದಲ್ಲಿ ಶಾಂತಲೆ 'ಸ್ತ್ರೀದೇಹದ ಕಥನ'ವಾದಳು, ಬೆಟ್ಟದ ಮೇಲೆ ಹದಿನೈದು ಸೆಕೆಂಡಿನ ವಿಡಿಯೊ ಆದಳು. ಎರಡೂ ಕಡೆ ಅವಳ ಬಗ್ಗೆ ಯಾರಿಗೂ ಏನೂ ಅನ್ನಿಸಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಹೋಗುವವರು ವಾರದ ನಡುವೆ, ಬಿಸಿಲೇರುವ ಮುಂಚೆ ಹೋಗಿ. ಸ್ಪೀಕರನ್ನೂ ಪ್ರಬಂಧವನ್ನೂ ಮನೆಯಲ್ಲೇ ಬಿಡಿ. ಕುಡಿದ ನೀರಿನ ಬಾಟಲಿಯನ್ನು ವಾಪಸ್ ತನ್ನಿ.